ನಾನು ಮಾಡಿದ ಕಲ್ಲು

ಒಂದೇ ಸೂರಿನಡಿ ಚದುರಿಹೋದ ಕುಟುಂಬವನ್ನು ಒಗ್ಗೂಡಿಸುವುದು ಹೇಗೆ ಎಂದು ಜಗತ್ತಿಗೇ ತೋರಿಸಿಕೊಡಬೇಕೆಂದು ನಾನು ನಿರ್ಧರಿಸಿದ್ದು ಒಂದು ಶನಿವಾರ ಬೆಳಿಗ್ಗೆ, ಹಲ್ಲುಜ್ಜುತ್ತಿರುವಾಗ. ನನಗೆ ಮಹತ್ತರವಾದದ್ದೆಲ್ಲ ಬಾಯ್ತುಂಬ ನೊರೆ ಇರುವಾಗಲೇ ಹೊಳೆಯುವುದು. ತಕ್ಷಣ ಯಾರಿಗೂ ಹೇಳಲಾಗುವುದಿಲ್ಲ. ಮನೆಯವರಿಗೆ ಸಿಗುವ ನೆಮ್ಮದಿ ಅಷ್ಟು ಹೊತ್ತಿನದು ಮಾತ್ರ.

ನಮ್ಮದು ಮೂರು ಜನ, ಮೂರು ಕೋಣೆ, ಮೂರು ಸ್ವತಂತ್ರ ರಾಷ್ಟ್ರಗಳ ಸಂಸಾರ. ಮುಂದಿನ ಕೋಣೆ ನನ್ನ ಹೆಂಡತಿಯದು. ಅವಳು ದರ್ಜಿ. ಅಲ್ಲಿ ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ನೆಲದ ತುಂಬ ಬಟ್ಟೆ ಚೂರು. ಹಿಂದಿನ ಕೋಣೆಯಲ್ಲಿ ನಮ್ಮ ಹದಿಮೂರರ ಮಗಳು. ಆ ಗಡಿ ಸದಾ ಮುಚ್ಚಿರುತ್ತದೆ. ಬಾಗಿಲು ತಟ್ಟಿದರೆ ಒಳಗಿನಿಂದ "ಏನು?" ಎಂಬ ಒಂದೇ ಪದದ ರಾಜತಾಂತ್ರಿಕ ಉತ್ತರ ಬರುತ್ತದೆ. ನಡುವಿನ ಊಟದ ಮೇಜು ನನ್ನದು. ಹಗಲಿಡೀ ವಿದ್ಯುತ್ ಕಚೇರಿಯಲ್ಲಿ ಮೀಟರ್ ತಪ್ಪು ಓಡಿತೆಂದು ಬಯ್ಯುವವರನ್ನು ಸಮಾಧಾನ ಮಾಡಿ ಬಂದು, ಸಂಜೆ ಆ ಮೇಜಿನ ಮೇಲೆ ಪತ್ರಿಕೆಯ ಭಾನುವಾರದ ಪುರವಣಿಗೆ ಹಾಸ್ಯ ಬರೆಯುತ್ತೇನೆ. ವರ್ಷಕ್ಕೆ ಕೆಲವಾದರೂ ಅಚ್ಚಾಗುತ್ತವೆ. ಪ್ರತಿ ಸಲವೂ ಸಂಪಾದಕರು ಫೋನ್ ಮಾಡಿ, "ಸ್ವಾಮಿ, ಸ್ವಲ್ಪ ಉದ್ದ ಆಯ್ತು" ಎನ್ನುತ್ತಾರೆ. ಮನೆಯಲ್ಲಿ ಆ ದೂರೂ ಇಲ್ಲ. "ಓದಿದೆಯಾ?" ಎಂದು ಕೇಳಿದರೆ ಹೆಂಡತಿ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ "ಹೂಂ" ಎನ್ನುತ್ತಾಳೆ. ಗುಂಡುಸೂಜಿ ಕಚ್ಚಿದವರ "ಹೂಂ"ನಿಂದ ಯಾವ ಲೇಖಕ ತಾನೇ ಉದ್ಧಾರವಾದಾನು!

ಆದರೆ ಆ ವಾರ ಮನೆಯಲ್ಲೊಂದು ಸಣ್ಣ ಸಂಗತಿ ನಡೆದಿತ್ತು. ಮಗಳ ಹುಟ್ಟುಹಬ್ಬ ಹತ್ತಿರ ಬರುತ್ತಿತ್ತು. ಪ್ರತಿ ವರ್ಷ ಅವಳಿಗೆ ಹೊಸ ಉಡುಪು ಹೊಲಿಯುವುದು ಅವಳಮ್ಮ. ಈ ಸಲ ಅಳತೆ ಪಟ್ಟಿ ಹಿಡಿದು ಬಾಗಿಲು ತಟ್ಟಿದಾಗ ಮಗಳು ಅರ್ಧ ಬಾಗಿಲು ತೆರೆದು, "ಬೇಡಮ್ಮ, ಈ ಸಲ ರೆಡಿಮೇಡ್ ತಗೊಳ್ತೀನಿ. ಎಲ್ರೂ ಅದನ್ನೇ ಹಾಕೋದು" ಎಂದಳು. ಹೆಂಡತಿ "ಸರಿ ಪುಟ್ಟಿ" ಎಂದು ಅಳತೆ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ವಾಪಸು ಬಂದಳು. ಅಷ್ಟೇ. ಜಗಳವಿಲ್ಲ, ಕಣ್ಣೀರಿಲ್ಲ. ಆದರೆ ಆಮೇಲೆ ಹೊಲಿಗೆ ಯಂತ್ರದ ಸದ್ದು ಬೇರೆಯಾಯಿತು. ಅದುವರೆಗೆ ಹರಟೆ ಹೊಡೆಯುವಂತೆ ಓಡುತ್ತಿದ್ದದ್ದು, ಈಗ ಕೆಲಸ ಮುಗಿಸಿ ಎದ್ದರೆ ಸಾಕು ಎಂಬಂತೆ ಓಡತೊಡಗಿತು.

ಇದನ್ನು ಸರಿಪಡಿಸಲು ನಾನಲ್ಲದೆ ಇನ್ಯಾರು! ಹಲ್ಲುಜ್ಜಿ ಮುಗಿಸಿ ಹಜಾರಕ್ಕೆ ಬಂದವನೇ ಘೋಷಿಸಿದೆ.

"ಇವತ್ತಿನಿಂದ ನಮ್ಮದು ಜಿಯೋಕ್ಯಾಶಿಂಗ್ ಕುಟುಂಬ!"

"ಅದಕ್ಕೆ ಮಾತ್ರೆ ಇದೆಯಲ್ಲ, ಫ್ರಿಜ್ ಮೇಲೆ" ಎಂದಳು ಹೆಂಡತಿ, ಯಂತ್ರ ನಿಲ್ಲಿಸದೆ.

"ಕಾಯಿಲೆ ಅಲ್ಲ ಕಣೇ, ಹವ್ಯಾಸ! ಯಾರೋ ಒಬ್ಬರು ಎಲ್ಲೋ ಒಂದು ಪುಟ್ಟ ಡಬ್ಬಿ ಬಚ್ಚಿಡ್ತಾರೆ. ಅದು ಭೂಮಿ ಮೇಲೆ ಎಲ್ಲಿದೆ ಅಂತ ಫೋನಿಗೆ ಹಾಕ್ತಾರೆ. ಗುರುತು ಪರಿಚಯ ಇಲ್ಲದವರು ಹುಡುಕ್ಕೊಂಡು ಹೋಗ್ತಾರೆ. ಡಬ್ಬೀಲಿರೋ ಒಂದು ಪುಟ್ಟ ವಸ್ತು ತಗೊಂಡು, ತಮ್ಮದೊಂದು ಇಟ್ಟು, ಮತ್ತೆ ಅಲ್ಲೇ ಬಚ್ಚಿಟ್ಟು ಬರ್ತಾರೆ. ಆಫೀಸಲ್ಲಿ ನಮ್ಮ ಕ್ಯಾಶಿಯರ್ ಇಡೀ ಸಂಸಾರ ಕಟ್ಕೊಂಡು ಇದನ್ನೇ ಮಾಡ್ತಾನೆ."

"ಮನೇಲಿ ಕಳೆದುಹೋಗಿರೋದನ್ನ ಹುಡುಕೋದಕ್ಕೇ ನನಗೆ ಪುರುಸೊತ್ತಿಲ್ಲ. ಬೇರೆಯವರು ಬಚ್ಚಿಟ್ಟಿದ್ದನ್ನೂ ಹುಡುಕಬೇಕಾ?"

ಆದರೂ ಬಂದಳು. ಮಗಳೂ ಬಂದಳು, ಫೋನ್ ನೋಡಿ ದಾರಿ ಹೇಳುವ ಅಧಿಕಾರ ತನ್ನದೇ ಎಂಬ ಷರತ್ತಿನ ಮೇಲೆ. ನಮ್ಮ ರಸ್ತೆ ಮುಗಿದಲ್ಲಿರುವ ಉದ್ಯಾನದಲ್ಲಿ, ಒಂದು ಬೆಂಚಿನಡಿ ಅಂಟಿಸಿದ್ದ ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ನಾನು ಖಂಡವನ್ನೇ ಕಂಡುಹಿಡಿದವನ ಹಾಗೆ ಅದನ್ನು ಎತ್ತಿ ಹಿಡಿದೆ.

ಮಗಳು ಮೂಗು ಮುರಿದಳು. "ಡಬ್ಬಿ ಡಬ್ಬಿ ಥರಾನೇ ಇದೆಯಲ್ಲಪ್ಪ. ಇದರಲ್ಲೇನಿದೆ ಮಜಾ? ಗೊತ್ತೇ ಆಗದ ಹಾಗೆ ಇರ್ಬೇಕು."

ಗೊತ್ತೇ ಆಗದ ಹಾಗೆ! ನನ್ನ ತಲೆಯಲ್ಲಿ ಎಲ್ಲ ದೀಪಗಳೂ ಹೊತ್ತಿಕೊಂಡವು. ನಮ್ಮ ಡಬ್ಬಿಯನ್ನು ನಾವೇ ಕೈಯಾರೆ ಮಾಡೋಣ! ಕರಕುಶಲವೂ ಆಯಿತು, ನಿಧಿಬೇಟೆಯೂ ಆಯಿತು. ಮನೆಗೆ ಬರುವಷ್ಟರಲ್ಲಿ ಖಾತೆ ಹಂಚಿಕೆ ಮುಗಿದಿತ್ತು. ಒಳಗಿಡಲು ಬಟ್ಟೆ ಚೂರುಗಳಿಂದ ಪುಟ್ಟ ಪುಟ್ಟ ಪ್ರಾಣಿಗಳನ್ನು ಹೊಲಿಯುವುದು ಹೆಂಡತಿಗೆ. ಬಣ್ಣ ಮಗಳಿಗೆ. ಕಲ್ಲು ನನಗೆ. ಹೌದು, ಕಲ್ಲು! ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ಮುಚ್ಚಳ ಅಡಿಯಲ್ಲಿ ತೆರೆಯುವಂತೆ ಬಿಟ್ಟು, ಸುತ್ತ ಕಾಗದ ತುಂಬಿ, ಮೇಲೆ ಮೈದಾ ಅಂಟಿನಲ್ಲಿ ಕಾಗದದ ಪಟ್ಟಿಗಳನ್ನು ಪದರ ಪದರವಾಗಿ ಮೆತ್ತಿ, ಸಾಕ್ಷಾತ್ ಭೂದೇವಿಯೇ "ಇದು ನನ್ನದೇ" ಎಂದು ಮೋಸಹೋಗಬೇಕು, ಅಂಥ ಕಲ್ಲು!

ಭಾನುವಾರ ಬೆಳಿಗ್ಗೆ ಹೆಂಡತಿ ಹೊಲಿದ ಬಟ್ಟೆ ಕೊಟ್ಟುಬರಲು ಹೋಗಿದ್ದಳು. ಮಗಳು ತನ್ನ ರಾಷ್ಟ್ರದಲ್ಲಿ ಮಲಗಿದ್ದಳು. ನಾನು ಕೆಲಸಕ್ಕಿಳಿದೆ. ಅಂಟು ಕಲಸುವ ಮೊದಲ ಸುತ್ತಿನಲ್ಲೇ ಅದು ಸಿಡಿದು ಕನ್ನಡಕದ ಎರಡು ಗಾಜಿಗೂ ಮೆತ್ತಿಕೊಂಡಿತು. ಕನ್ನಡಕ ತೆಗೆದಿಟ್ಟೆ. ಶಿಲ್ಪಿಗೆ ಕಣ್ಣೇಕೆ, ಕೈ ಸಾಕು! ಅಷ್ಟರಲ್ಲಿ ಕಾಗದ ಮುಗಿಯಿತು. ನೋಡುತ್ತೇನೆ, ಬೀರುವಿನ ಮೇಲೆ ಹಳೇ ಪತ್ರಿಕೆಗಳ ದಪ್ಪ ಸುರುಳಿ, ಬಟ್ಟೆಯ ಪಟ್ಟಿಯಲ್ಲಿ ಕಟ್ಟಿಟ್ಟಿದ್ದು. ಬಿಚ್ಚಿದೆ. ಅಂಚುಗಳು ಅಡ್ಡಾದಿಡ್ಡಿಯಾಗಿದ್ದವು, ಇಲಿ ಕಡಿದಿರಬೇಕು, ಮನೆಯಲ್ಲಿ ಇದನ್ನೆಲ್ಲ ಗಮನಿಸುವವರೇ ಇಲ್ಲ ಎಂದುಕೊಂಡೆ. ಮೇಲಿನದನ್ನು ಹರಿದು ಪಟ್ಟಿ ಮಾಡಿದೆ. ಉಳಿದವನ್ನೆಲ್ಲ ಮುದ್ದೆ ಮುದ್ದೆ ಮಾಡಿ ಡಬ್ಬಿಯ ಸುತ್ತ ತುರುಕಿದೆ. ಕಲ್ಲಿಗೆ ಎಂಥ ಒಳ್ಳೆಯ ಮೈಕಟ್ಟು ಬಂತೆಂದರೆ, ನನ್ನ ಮೈಕಟ್ಟನ್ನು ನೋಡಿಕೊಂಡು ನಾಚಿಕೆಯಾಯಿತು.

ಒಣಗಿದ ಮೇಲೆ ಮಗಳು ಬಣ್ಣ ಹಚ್ಚಲು ಕುಳಿತಳು. ಎಲ್ಲಿ? ನನ್ನ ಊಟದ ಮೇಜಿನ ಮೇಲೆ! ಬಾಗಿಲು ತೆರೆದಿಟ್ಟು! ಬೂದು ಬಣ್ಣದ ಮೇಲೆ ಕಪ್ಪು ಚುಕ್ಕಿ, ಒಂದು ಮಗ್ಗುಲಿಗೆ ಹಲ್ಲುಜ್ಜುವ ಬ್ರಷ್ಷಿನಿಂದ ಎರಚಿದ ಹಸಿರು ಪಾಚಿ. ಅವಳಮ್ಮ ಪಕ್ಕದಲ್ಲೇ ಬೆರಳುದ್ದದ ಆನೆ ಹೊಲಿಯುತ್ತಿದ್ದಳು.

"ಅಮ್ಮ, ನಿನ್ನ ಆನೆಗೆ ಬಾಲ ಎರಡಿದೆ."

"ಒಂದು ಸೊಂಡಿಲು ಕಣೇ."

"ಯಾವುದು?"

ಇಬ್ಬರೂ ನಕ್ಕರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಜಗತ್ತಿಗೆ ಮಾರ್ಗದರ್ಶನ ನೀಡುವ ಬರಹದ ಮೊದಲ ಸಾಲು ಅಲ್ಲೇ ಹೊಳೆದುಬಿಟ್ಟಿತು.

ಕಲ್ಲನ್ನು ಉದ್ಯಾನದ ಗೇಟಿನ ಬಳಿ, ನಿಜವಾದ ಕಲ್ಲುಗಳ ರಾಶಿಯ ನಡುವೆ ಇಟ್ಟು ಬಂದೆವು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರೆ ಯಾವುದು ನನ್ನದು, ಯಾವುದು ಸೃಷ್ಟಿಕರ್ತನದು ಎಂದು ತಿಳಿಯಲಿಲ್ಲ. "ಯಾರಿಗೂ ಗೊತ್ತಾಗಲ್ಲ! ಯಾರಿಗೂ!" ಎಂದು ದಾರಿಯುದ್ದಕ್ಕೂ ಹೇಳಿದೆ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನನಗಂತೂ ಮರೆಯುವ ಭಾಗ್ಯವಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ನಾನು ಕಾಫಿ ಹೀರುತ್ತಿದ್ದೆ. ಹೆಂಡತಿ ಕುರ್ಚಿಯ ಮೇಲೆ ಹತ್ತಿ ಬೀರುವಿನ ಮೇಲೆ ಕೈಯಾಡಿಸುತ್ತಿದ್ದಳು.

"ರೀ, ಇಲ್ಲೊಂದು ಪೇಪರ್ ಸುರುಳಿ ಇತ್ತಲ್ಲ?"

"ಓ ಅದಾ! ಇಲಿ ಕಡಿದಿತ್ತಲ್ಲ, ಅದನ್ನ ಸದುಪಯೋಗ ಮಾಡಿದೆ. ಕಲ್ಲೊಳಗೆ ಹಾಕಿದೆ."

ಅವಳು ಕುರ್ಚಿಯಿಂದ ಇಳಿಯಲಿಲ್ಲ. ಅಲ್ಲೇ ನಿಂತು ನನ್ನನ್ನು ನೋಡಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಬಗೆಬಗೆಯಾಗಿ ನೋಡಿದ್ದಾಳೆ, ಆದರೆ ಅಷ್ಟು ಎತ್ತರದಿಂದ ಅಷ್ಟು ಮೆಲ್ಲಗೆ ನೋಡಿದ್ದು ಅದೇ ಮೊದಲು.

"ಇಲಿ ಅಲ್ಲ ರೀ. ನಾನು. ಅದು ಕಟಿಂಗು. ಅವಳ ಕಟಿಂಗು."

ಬಟ್ಟೆ ಕತ್ತರಿಸುವ ಮೊದಲು ದರ್ಜಿಗಳು ಅದರ ಆಕಾರವನ್ನು ಕಾಗದದಲ್ಲಿ ಕತ್ತರಿಸಿಕೊಳ್ಳುತ್ತಾರೆ: ಬೆನ್ನು, ಎದೆ, ತೋಳು. ಮಗಳ ಮೊದಲ ಹುಟ್ಟುಹಬ್ಬದಿಂದ ಹೋದ ವರ್ಷದವರೆಗೆ ಪ್ರತಿ ಉಡುಪಿನ ಎಡತೋಳಿನ ಕಟಿಂಗನ್ನು ಅವಳಮ್ಮ ಹಳೇ ಪತ್ರಿಕೆಯಲ್ಲಿ ಕತ್ತರಿಸಿ, ಎತ್ತಿಟ್ಟುಕೊಂಡು ಬಂದಿದ್ದಳು. ಪ್ರತಿ ವರ್ಷ ಹಿಂದಿನ ವರ್ಷದ್ದನ್ನು ಮಗಳ ತೋಳಿಗೆ ಹಿಡಿದು, "ಇಷ್ಟು ಬೆಳೆದ್ಯಲ್ಲೇ!" ಎನ್ನುವುದು. ನನಗೆ ಆ "ಇಷ್ಟು ಬೆಳೆದ್ಯಲ್ಲೇ" ಮಾತ್ರ ಮೇಜಿನವರೆಗೆ ಕೇಳಿಸುತ್ತಿತ್ತು. ತಲೆಯೆತ್ತಿ ನೋಡಿರಲಿಲ್ಲ. ನಾನು ಹಾಸ್ಯ ಬರೆಯುವುದರಲ್ಲಿ ಮುಳುಗಿರುತ್ತಿದ್ದೆ.

"ಬೇರೆಯವರೆಲ್ಲ ಮಕ್ಕಳ ಎತ್ತರಾನ ಗೋಡೆ ಮೇಲೆ ಗೆರೆ ಹಾಕಿ ಇಟ್ಕೋತಾರೆ" ಎಂದಳು. "ನಾವು ಎಷ್ಟು ಬಾಡಿಗೆ ಮನೆ ಬದಲಾಯಿಸಿದ್ವಿ? ಗೋಡೆ ಹೊತ್ಕೊಂಡು ಬರೋಕಾಗುತ್ತಾ? ಅದಕ್ಕೇ ಇದು. ಈ ಸಲ ಹೇಗೂ ಹೊಲಿಯೋದಿಲ್ಲ. ಸುಮ್ಮನೆ ಒಂದ್ಸಲ ತೆಗೆದು ನೋಡೋಣ ಅಂತಿದ್ದೆ. ಅಷ್ಟೇ."

ಆ "ಅಷ್ಟೇ"ಯ ಮುಂದೆ ನನ್ನ ಕಾಫಿ ತಣ್ಣಗಾಯಿತು. ಅವಳು ಬಯ್ದಿದ್ದರೆ ಎದುರುತ್ತರ ಕೊಡಬಹುದಿತ್ತು, ನನಗೆ ಅಭ್ಯಾಸವಿದೆ. ಬಯ್ಯಲೇ ಇಲ್ಲ!

ಹಿಂದಿನ ಕೋಣೆಯ ಬಾಗಿಲು ಯಾರೂ ತಟ್ಟದೆ ತಾನಾಗಿಯೇ ತೆರೆಯಿತು. "ಅಮ್ಮಾ, ಅದೆಲ್ಲಾ ಇಟ್ಟಿದ್ಯಾ? ಚಿಕ್ಕವಳಾಗಿದ್ದಾಗಿಂದಾನೂ?"

ಅವಳಮ್ಮ ಉತ್ತರಿಸುವ ಮೊದಲೇ ಹೊರಗೆ ಗುಡುಗಿತು. ಮೈದಾ ಅಂಟಿನ ಕಲ್ಲು. ಮಳೆ. ಮೂವರೂ ಮುಖ ಮುಖ ನೋಡಿಕೊಂಡೆವು.

"ಅಪ್ಪಾ, ಚಪ್ಪಲಿ ಹಾಕ್ಕೋ!" ಎಂದಳು ಮಗಳು.

ಓಡಿದೆವು. ಮಗಳು ಮುಂದೆ, ಅವಳಮ್ಮ ಕೊರಳಿನ ಅಳತೆ ಪಟ್ಟಿಯನ್ನು ಹಾರಾಡಿಸುತ್ತ ನಡುವೆ, ನಾನು ಏದುಸಿರು ಬಿಡುತ್ತ ಹಿಂದೆ. ಕುಟುಂಬ ಒಗ್ಗೂಡಿದ್ದು ನಿಜ, ಆದರೆ ನಾನು ಅಂದುಕೊಂಡ ಹಾಗಲ್ಲ.

ಕಲ್ಲುಗಳ ರಾಶಿಯ ಮುಂದೆ ನಿಂತೆವು. ಎಲ್ಲವೂ ಕಲ್ಲಾಗಿದ್ದವು! ಯಾರಿಗೂ ಗೊತ್ತಾಗದ ಕಲ್ಲನ್ನು ಮಾಡಿದವನಿಗೂ ಅದು ಗೊತ್ತಾಗಲಿಲ್ಲ. ಫೋನ್ ನೋಡಿದರೆ ಅದು "ಇಲ್ಲೇ" ಎನ್ನುತ್ತದೆ, ಎರಡು ಹೆಜ್ಜೆ ಇಟ್ಟರೆ "ಅಲ್ಲೇ" ಎನ್ನುತ್ತದೆ. ಕೊನೆಗೆ ಒಂದೊಂದನ್ನೇ ಎತ್ತಿ ತೂಕ ನೋಡತೊಡಗಿದೆ. ಹಗುರವಾದದ್ದು ನನ್ನದು. ಭಾರವಾದದ್ದೆಲ್ಲ ನನ್ನ ಸೊಂಟದ್ದು. ವಾಯುವಿಹಾರಕ್ಕೆ ಬಂದಿದ್ದ ಹಿರಿಯರೊಬ್ಬರು ನಿಂತು ನೋಡಿ, "ವ್ಯಾಯಾಮಾನಾ?" ಎಂದು ಕೇಳಿದರು.

"ಅಲ್ಲ ಸಾರ್, ನಾನು ಮಾಡಿದ ಕಲ್ಲು ಹುಡುಕ್ತಿದ್ದೀನಿ."

ಅವರು ಒಮ್ಮೆ ನನ್ನನ್ನೂ ಒಮ್ಮೆ ನನ್ನ ಹೆಂಡತಿಯನ್ನೂ ನೋಡಿ, ಅವಳಿಗೆ ಮಾತ್ರ ಕನಿಕರದಿಂದ ತಲೆಯಾಡಿಸಿ ಹೊರಟುಹೋದರು.

ಮೊದಲ ಹನಿ ನನ್ನ ಬೋಳುತಲೆಯ ಮೇಲೆ ಬಿತ್ತು. ಆಗಲೇ ಮಗಳು ಕಿರುಚಿದಳು. "ಅಪ್ಪಾ! ಅಲ್ಲಿ! ನನ್ನ ಪಾಚಿ!"

ಗೇಟಿನಾಚೆಯ ಇಳಿಜಾರಿನಲ್ಲಿ ಹೂಗಿಡ ಮಾರುವವನ ತಳ್ಳುಗಾಡಿ ನಿಂತಿತ್ತು. ಗಾಡಿಯ ಗಾಲಿಗೆ ಅಡ್ಡವಾಗಿ ಒಂದು ಕಲ್ಲು. ಒಂದು ಮಗ್ಗುಲಿಗೆ ಹಲ್ಲುಜ್ಜುವ ಬ್ರಷ್ಷಿನ ಪಾಚಿ! ನನಗೆ ಏನಾಯಿತೆಂದರೆ, ಹೇಳಲು ನಾಚಿಕೆ, ಹೆಮ್ಮೆಯಾಯಿತು. ಗಿಡ ಮಾರುವವನಿಗೇ ಅದು ಕಲ್ಲಲ್ಲ ಎಂದು ಗೊತ್ತಾಗಿಲ್ಲ! ಸಾಲದ್ದಕ್ಕೆ ಗಾಡಿಯನ್ನೂ ತಡೆದು ನಿಲ್ಲಿಸಿದೆ!

"ನೋಡಿದ್ಯಾ, ಎಂಥ ಗಟ್ಟಿ ಕೆಲಸ!" ಎಂದು ಹೆಂಡತಿಗೆ ಹೇಳುತ್ತ ಓಡಿಹೋಗಿ, ಎರಡೂ ಕೈಯಿಂದ ಕಲ್ಲನ್ನು ಕಿತ್ತು ಎದೆಗಪ್ಪಿಕೊಂಡೆ.

ಗಾಡಿ ಹೊರಟಿತು.

ಮೊದಲಿಗೆ ಬಹಳ ಸಾವಕಾಶವಾಗಿ, ಯಾರದೋ ಮನೆಗೆ ಮದುವೆಗೆ ಹೊರಟ ಹಾಗೆ. ದಾಸವಾಳ, ಗುಲಾಬಿ, ಕಳ್ಳಿಗಿಡ, ಎಲ್ಲವೂ ತಲೆ ತೂಗಿಕೊಂಡು ನನಗೆ ವಿದಾಯ ಹೇಳಿದವು. ಆಮೇಲೆ ವೇಗ ಬಂತು. ಗಿಡ ಮಾರುವವನು ಟೀ ಲೋಟ ಬಿಸಾಕಿ, "ಏಯ್, ಏಯ್, ಹಿಡೀರಿ!" ಎಂದು ಓಡಿಬಂದ. ನಾನು ಹಿಡಿಯುವುದು ಹೇಗೆ? ನನ್ನ ತೋಳ ತುಂಬ ಕಲ್ಲಿತ್ತು! ಗಾಡಿ ಇಳಿಜಾರಿನ ಕೊನೆಯ ಕಾರಂಜಿಯ ಕಟ್ಟೆಗೆ ಢಿಕ್ಕಿ ಹೊಡೆದು ನಿಂತಿತು. ಗಾಡಿ ನಿಂತರೂ ಗಿಡಗಳು ನಿಲ್ಲಲಿಲ್ಲ. ಒಂದೊಂದಾಗಿ ಕುಂಡದ ಸಮೇತ ನೀರಿಗೆ ಇಳಿದವು.

"ಸ್ವಾಮಿ, ನಿಮಗೆ ಬೇರೆ ಕಲ್ಲು ಸಿಗಲಿಲ್ವಾ?" ಎಂದು ಅವನು ಹಣೆ ಚಚ್ಚಿಕೊಂಡ.

"ನಿಮಗೆ ಬೇರೆ ಸಿಗಲಿಲ್ವಾ?" ಎಂದೆ ನಾನು, ಅಳುವ ದನಿಯಲ್ಲಿ.

"ಇದು ಎತ್ತೋಕೆ ಹಗುರಾಗಿತ್ತು, ತಂದೆ. ಟೀ ಕುಡಿಯೋ ಅಷ್ಟು ಹೊತ್ತಿಗೆ ಸಾಕು ಅಂತ. ಅಷ್ಟರೊಳಗೆ ನೀವು..."

ಮುಂದಿನದನ್ನು ಅವನು ಹೇಳುವ ಮೊದಲೇ ನನ್ನ ಹೆಂಡತಿ ಸೀರೆ ಎತ್ತಿ ಕಟ್ಟಿ ಕಾರಂಜಿಗೆ ಇಳಿದಿದ್ದಳು. ಹಿಂದೆಯೇ ಮಗಳು. ಕಲ್ಲನ್ನು ನನ್ನ ಅಂಗಿಯೊಳಗೆ ಮಳೆ ತಾಗದಂತೆ ಸೇರಿಸಿ, ಮೇಲೆ ಗುಂಡಿ ಹಾಕಿ, ದಾಟಿ ಹೋದವರು ಇನ್ನೊಮ್ಮೆ ತಿರುಗಿ ನೋಡುವಂಥ ಹೊಟ್ಟೆಯೊಂದಿಗೆ ನಾನೂ ಇಳಿದೆ. ಮೊಣಕಾಲು ನೀರಲ್ಲಿ ತೇಲುತ್ತಿದ್ದ ಗುಲಾಬಿಗಳನ್ನೂ ಮುಳುಗಿದ್ದ ಕಳ್ಳಿಗಳನ್ನೂ ಎತ್ತಿ ಕೊಟ್ಟೆವು. ಕಳ್ಳಿಯನ್ನು ಎತ್ತುವ ಕೆಲಸ ನನಗೇ ಮೀಸಲಾಯಿತು. ಗಾಡಿಯ ಮೇಲ್ಹೊದಿಕೆ ಹರಿದಿತ್ತು. ಹೆಂಡತಿ ಅದನ್ನು ಬಿಚ್ಚಿ, ಮಡಿಸಿ, "ನಾಳೆ ಹೊಲಿದು ತಂದುಕೊಡ್ತೀನಿ, ಅಣ್ಣಾ" ಎಂದಳು. ಅವನು ಅವಳ ಕೊರಳಿನ ಅಳತೆ ಪಟ್ಟಿಯನ್ನು ನೋಡಿ ತಣ್ಣಗಾದ. ನನ್ನನ್ನು ನೋಡಿ ಮತ್ತೆ ಬಿಸಿಯಾದ. "ಇವರನ್ನ ಕಳಿಸಬೇಡಿ ಅಮ್ಮ, ನೀವೇ ಬನ್ನಿ" ಎಂದ.

ಮನೆಗೆ ಬಂದು ಕಲ್ಲನ್ನು ಇಸ್ತ್ರಿ ಮೇಜಿನ ಮೇಲಿಟ್ಟೆವು. ಹೆಂಡತಿ ದೊಡ್ಡ ಕತ್ತರಿ ತೆಗೆದಳು. ಬಟ್ಟೆಯ ಕತ್ತರಿ! ಅದನ್ನು ಕಾಗದಕ್ಕೆ ಮುಟ್ಟಿಸಿದರೆ ಮೊಂಡಾಗುತ್ತದೆಂದು, ನಾನೊಮ್ಮೆ ಹಾಲಿನ ಪ್ಯಾಕೆಟ್ ಕತ್ತರಿಸಿದ್ದಕ್ಕೆ ಒಂದು ವಾರ ಮಾತು ಬಿಟ್ಟಿದ್ದಳು. ಇವತ್ತು ಏನೂ ಹೇಳದೆ ಅದನ್ನೇ ಕಲ್ಲಿನ ಹೊಟ್ಟೆಗೆ ಹಾಕಿದಳು. ಮುದ್ದೆಗಳು ಒಂದೊಂದಾಗಿ ಹೊರಬಂದವು. ಒದ್ದೆಯಾಗಿರಲಿಲ್ಲ! ಮಗಳು ಬಿಡಿಸಿಕೊಟ್ಟಳು, ಅವಳಮ್ಮ ಇಸ್ತ್ರಿ ಹಾಕಿದಳು. ನನಗೆ ಯಾವುದನ್ನೂ ಮುಟ್ಟಬಾರದೆಂಬ ಕೆಲಸ ಕೊಟ್ಟರು.

ಅಂಗೈಯಷ್ಟೇ ಇರುವ ಒಂದು ತೋಳು. "ಇದು ಯಾರದ್ದು, ಗೊಂಬೇದಾ?" ಎಂದಳು ಮಗಳು.

"ನಿಂದೇ. ಮೊದಲನೇ ವರ್ಷದ್ದು."

ಮಗಳು ಅದನ್ನು ತನ್ನ ತೋಳಿಗೆ ಹಿಡಿದು ನೋಡಿದಳು. ಅವಳ ಎರಡು ಬೆರಳಿಗೆ ಸರಿಹೋಗುತ್ತಿತ್ತು. ಆಮೇಲೆ ಎರಡನೆಯದು, ಮೂರನೆಯದು. ಇಸ್ತ್ರಿ ಮೇಜಿನ ಮೇಲೆ ಅವಳು ಬೆಳೆಯುತ್ತ ಹೋದಳು. ಒಂದು ವರ್ಷದ ತೋಳು ದಿಢೀರನೆ ಉದ್ದವಾಗಿತ್ತು. "ಆ ವರ್ಷ ನೀನು ಊಟಕ್ಕೆ ಕೂತರೆ ಏಳ್ತಾನೇ ಇರ್ಲಿಲ್ಲ" ಎಂದಳು ಅವಳಮ್ಮ. ಕೊನೆಗೆ ಎಲ್ಲ ಮುಗಿದಾಗ ಮಗಳು ಎಣಿಸಿ, "ಹೋದ ವರ್ಷದ್ದು ಇಲ್ಲ" ಎಂದಳು.

ಅದನ್ನು ನಾನು ಮೊದಲೇ ಹರಿದು ಅಂಟಿನಲ್ಲಿ ಮೆತ್ತಿದ್ದೆ. ಅದು ಬೂದು ಬಣ್ಣದಡಿ, ಪಾಚಿಯಡಿ, ಕಲ್ಲೇ ಆಗಿಹೋಗಿತ್ತು. ನಾನು ನೆಲದ ಬಟ್ಟೆ ಚೂರುಗಳನ್ನು ನೋಡುತ್ತ ನಿಂತೆ.

"ಹಾಗಾದ್ರೆ ಎಷ್ಟು ಬೆಳೆದಿದ್ದೀನಿ ಅಂತ ಗೊತ್ತಾಗೋದು ಹೇಗೆ?" ಎಂದು ಮಗಳು ಕೇಳಿದಳು. ಅವಳಮ್ಮ ಇಸ್ತ್ರಿಯನ್ನು ಪಕ್ಕಕ್ಕಿಟ್ಟಳು. ಆಗ ಮಗಳು ಒದ್ದೆ ಅಂಗಿಯ ತೋಳನ್ನು ಮೇಲಕ್ಕೆ ಮಡಚಿ, ಎಡಗೈಯನ್ನು ಅವಳ ಮುಂದೆ ಚಾಚಿದಳು. "ಹೊಸ ಅಳತೆ ತಗೋ ಅಮ್ಮ. ಆದರೆ ಲೇಸು ಗೀಸು ಹಾಕ್ಬೇಡ. ಜೇಬಿರಬೇಕು. ಎರಡೂ ಕಡೆ."

ಹೆಂಡತಿ ಕೊರಳಿನ ಪಟ್ಟಿ ತೆಗೆದಳು. ಅಳತೆ ಹಿಡಿಯುವಾಗ ಅವಳು ಸಂಖ್ಯೆಯನ್ನು ಜೋರಾಗಿ ಹೇಳುವುದು ವಾಡಿಕೆ. ಅವತ್ತು ಪಟ್ಟಿಯ ಮೇಲೆ ಹೆಬ್ಬೆರಳಿಟ್ಟು ಎರಡೆರಡು ಸಲ ಅಳೆದುಕೊಂಡಳು. ನಾನು ಮಳೆಗೆ ಮಸುಕಾಗಿದ್ದ ಕನ್ನಡಕವನ್ನು ಒರೆಸುವ ನೆಪದಲ್ಲಿ ಕಣ್ಣೊರೆಸಿಕೊಂಡು, ಅದನ್ನು ಮತ್ತೆ ಹಾಕಿಕೊಂಡೆ.

ಕನ್ನಡಕ ಹಾಕಿಕೊಂಡದ್ದೇ ತಪ್ಪಾಯಿತು. ಮೇಜಿನ ಮೇಲೆ ಹರಡಿದ್ದ ತೋಳುಗಳು ಈಗ ಸ್ಪಷ್ಟವಾಗಿ ಕಂಡವು. ಮೊದಲ ವರ್ಷದ ಪುಟ್ಟ ತೋಳಿನ ಮೇಲೆ ನನ್ನ ಹೆಸರಿತ್ತು! ಎರಡನೆಯದರ ಮೇಲೂ! ಎಲ್ಲವೂ ಭಾನುವಾರದ ಪುರವಣಿಯ ಪುಟಗಳು, ಎಲ್ಲದರ ಮೇಲೂ ನನ್ನ ಹಾಸ್ಯ ಬರಹಗಳು. ಮೊಣಕೈಯ ಹತ್ತಿರ ಒಂದು ಚಟಾಕಿ, ಭುಜದಲ್ಲೊಂದು ಶೀರ್ಷಿಕೆ, ಮಣಿಕಟ್ಟಿನಲ್ಲಿ "ಎಂದು ನಾನು ಗಹಗಹಿಸಿ ನಕ್ಕೆ" ಎಂಬ ವಾಕ್ಯ. ನನ್ನ ಬರಹಗಳನ್ನು ಈ ಮನೆಯಲ್ಲಿ ಯಾರೂ ಜೋಪಾನ ಮಾಡುವುದಿಲ್ಲವೆಂದು ಎಷ್ಟು ಸಲ ಗೊಣಗಿದ್ದೆ! ಜೋಪಾನವಾಗಿದ್ದವನ್ನು ನಾನೇ ಮುದ್ದೆ ಮಾಡಿ ಕಲ್ಲಿಗೆ ತುರುಕಿದ್ದೆ.

"ಇಷ್ಟು ವರ್ಷ ನನ್ನ ಬರಹದ ಪುಟಗಳನ್ನೇ ಎತ್ತಿಡ್ತಿದ್ದೆಯಾ?" ಎಂದೆ, ಆದಷ್ಟು ಗಂಭೀರವಾಗಿ.

"ಹೂಂ" ಎಂದಳು. ಈ ಸಲ ಬಾಯಲ್ಲಿ ಗುಂಡುಸೂಜಿ ಇರಲಿಲ್ಲ. "ನಿಮ್ಮ ಹೆಸರಿರೋ ಪೇಪರ್ ರದ್ದಿಗೆ ಹಾಕೋಕೆ ಮನಸ್ಸು ಬರ್ತಿರ್ಲಿಲ್ಲ."

"ಓದ್ತಿದ್ದೆಯಾ?"

"ಕತ್ತರಿಸುವಾಗ ಕಣ್ಣಿಗೆ ಬಿದ್ದಷ್ಟು. ತೋಳಿನೊಳಗೆ ಬಂದದ್ದು ಓದಿದ್ದೀನಿ. ಹೊರಗೆ ಉಳಿದದ್ದು ಗೊತ್ತಿಲ್ಲ."

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ಹಾಸ್ಯಕ್ಕೆ ಅವಳು ನಕ್ಕದ್ದು ನೆನಪಿಲ್ಲ. ಅದರ ಗತಿಗೆ ನಕ್ಕಳು, ಅಷ್ಟಾದರೂ ಆಯಿತಲ್ಲ.

ಹೆಂಡತಿ ಪತ್ರಿಕೆಗಳ ರಾಶಿಯಿಂದ ನನ್ನ ಈಚಿನ ಬರಹ ಬಂದ ಪುಟವನ್ನು ಹುಡುಕಿ ತೆಗೆದಳು. ಮಗಳ ತೋಳಿನ ಮೇಲಿಟ್ಟು ನೋಡಿದಳು. ಅತ್ತ ಎಳೆದಳು, ಇತ್ತ ಎಳೆದಳು. ನನ್ನ ಬರಹ ಮೊಣಕೈ ದಾಟಿ ಸ್ವಲ್ಪ ದೂರ ಹೋಗಿ ಮುಗಿದುಹೋಗಿತ್ತು. ಆಚೆ ಯಾವುದೋ ಮಂಚದ ಜಾಹೀರಾತು.

"ಸಾಲಲ್ಲ ರೀ" ಎಂದಳು, ಬಹಳ ದಿನಗಳ ಮೇಲೆ ಹಳೇ ದನಿಯಲ್ಲಿ. "ಇವಳ ತೋಳು ಉದ್ದ ಆಗಿದೆ. ಹುಟ್ಟುಹಬ್ಬದೊಳಗೆ ಇನ್ನೊಂದು ಬರೀರಿ, ಇದಕ್ಕಿಂತ ಉದ್ದ."

ಸಂಪಾದಕರೇ, ಈ ಬರಹ ಯಾಕೆ ಇಷ್ಟುದ್ದ ಆಯಿತೆಂದು ದಯವಿಟ್ಟು ಫೋನ್ ಮಾಡಬೇಡಿ. ಮಣಿಕಟ್ಟಿನವರೆಗೆ ಬರಬೇಕಿತ್ತು.